ಕಾರನ್ನು ಕಟ್ಟಡದಿಂದ ದೂರ ನಿಲ್ಲಿಸಿ ಎಂದವರಿಗೆ

ವಾಹನ ಸುರಕ್ಷತಾ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಮಂಗಳವಾರದ ಪತ್ರಿಕೆಯಲ್ಲಿ ತಮ್ಮ ಹೇಳಿಕೆ ಓದಿದೆ. ಇಂಜಿನ್ನಿಗೆ ಬೆಂಕಿ ಹತ್ತುವ ಸಂಭವವಿದೆ ಎಂದು ವಾಪಸು ಕರೆಸಿದ ಕಾರುಗಳ ವಿಷಯದಲ್ಲಿ ‘ಕ್ರಮವು ತೃಪ್ತಿಕರವಾಗಿ ಸಾಗಿದೆ, ಈವರೆಗೆ ದೃಢಪಟ್ಟ ಘಟನೆಗಳು ಮೂರು ಮಾತ್ರ, ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ’ ಎಂದಿದ್ದೀರಿ. ನಾಲ್ಕನೆಯ ಘಟನೆಯ ಒಳಗೆ ಕೂತಿದ್ದವಳು ನಾನು. ನನ್ನ ಕಾರು ಹತ್ತಿ ಉರಿದು ಎಂಟು ತಿಂಗಳಾಯಿತು. ತಮ್ಮ ಕಡತದಲ್ಲಿ ಅದಿನ್ನೂ ಹತ್ತಿಯೇ ಇಲ್ಲ. ಹಾಗಾಗಿ ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ನಾಲ್ಕು ಜನರೆದುರು ಓದುತ್ತಿದ್ದೇನೆ. ಕಚೇರಿಗೆ ಕಳಿಸಿದ ಮೂರು ಪತ್ರಗಳಿಗೆ ಸ್ವೀಕೃತಿಯ ಚೀಟಿ ಬಂದಿದೆ, ಉತ್ತರ ಬಂದಿಲ್ಲ.

ನಾನು ಡ್ರೈವಿಂಗ್ ಕಲಿಸುವವಳು. ಹದಿನೆಂಟು ವರ್ಷದಿಂದ ಅದೇ ಕೆಲಸ. ನನ್ನ ಹತ್ತಿರ ಬರುವವರು ಹೆಚ್ಚಿನವರು ನಲವತ್ತು ದಾಟಿದ ಹೆಂಗಸರು. ‘ಈ ವಯಸ್ಸಲ್ಲಿ ನಿನಗ್ಯಾಕೆ ಕಾರು’ ಅಂತ ಮನೆಯಲ್ಲಿ ಕೇಳಿಸಿಕೊಂಡು, ಹಟ ಹಿಡಿದು ಬಂದವರು. ಕಲಿಸುವವಳ ಕಾಲ ಕೆಳಗೂ ಒಂದು ಬ್ರೇಕ್ ಇರುವ ಕಾರು ನನ್ನದು. ಎರಡು ವರ್ಷದ ಹಿಂದೆ ಔಷಧಿ ಅಂಗಡಿಯವರೊಬ್ಬರಿಂದ ಕೊಂಡಿದ್ದೆ. ಕೊಂಡ ವಾರದಲ್ಲೇ ತಮ್ಮ ಕಟ್ಟಡದ ಎರಡನೇ ಮಹಡಿಗೆ ಬಂದು, ಸಾಲಿನಲ್ಲಿ ನಿಂತು, ಹೆಸರು, ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದುಕೊಟ್ಟು ಕಾರನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಕಾರು ಯಾರದ್ದು ಅನ್ನುವುದು ತಮಗೆ ಗೊತ್ತಿರಲಿಲ್ಲ ಎಂದು ತಾವು ಹೇಳುವ ಹಾಗಿಲ್ಲ.

ಆದರೂ ತಮ್ಮ ಎಚ್ಚರಿಕೆಯ ಪತ್ರ ಹೋದದ್ದು ಔಷಧಿ ಅಂಗಡಿಗೆ. ಆ ಮನುಷ್ಯ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಎರಡು ಬಸ್ಸು ಬದಲಿಸಿ, ನನ್ನ ಮನೆ ಹುಡುಕಿಕೊಂಡು ಬಂದರು. ಬಾಗಿಲಲ್ಲೇ ನಿಂತು, ‘ಇದು ನಿಮಗೆ ಬರಬೇಕಾದ ಕಾಗದ ಕಣಮ್ಮಾ. ಅಂಚೆಗೆ ಹಾಕೋಣ ಅಂದ್ಕೊಂಡೆ, ಆಮೇಲೆ ಇಂಥದ್ದನ್ನ ಕೈಯಲ್ಲೇ ಕೊಡಬೇಕು ಅನ್ನಿಸ್ತು’ ಅಂದರು. ಆ ಮನುಷ್ಯನಿಗೆ ಸಂಬಳ ಕೊಡುವವರು ನಾವಲ್ಲ. ತಮಗೆ ಕೊಡುವವರು ನಾವೇ.

ಕಾಗದ ಓದಿದೆ. ಇಂಧನದ ಕೊಳವೆಯ ಜೋಡಣೆಯಲ್ಲಿ ಸೋರಿಕೆಯಾಗಿ ‘ಅಪರೂಪದ ಸಂದರ್ಭಗಳಲ್ಲಿ ಉಷ್ಣಸಂಬಂಧಿ ಘಟನೆ’ ಸಂಭವಿಸಬಹುದು ಎಂದಿತ್ತು. ಉಷ್ಣಸಂಬಂಧಿ ಘಟನೆ! ಜ್ವರ ಬಂದರೂ ಉಷ್ಣಸಂಬಂಧಿ ಘಟನೆಯೇ. ಬೆಂಕಿ ಅನ್ನುವ ಎರಡಕ್ಷರ ಬರೆಯಲು ತಮ್ಮ ಕಚೇರಿಯಲ್ಲಿ ಯಾರ ಕೈ ನಡುಗಿತು? ಕೆಳಗೆ ದಪ್ಪಕ್ಷರದಲ್ಲಿ ಒಂದು ಸಲಹೆ: ‘ದುರಸ್ತಿಯಾಗುವವರೆಗೆ ವಾಹನವನ್ನು ಕಟ್ಟಡಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸತಕ್ಕದ್ದು.’ ಅಷ್ಟೇ. ಓಡಿಸಬೇಡಿ ಎಂದು ಎಲ್ಲೂ ಇರಲಿಲ್ಲ. ಮೂರು ಸಲ ತಿರುವಿ ಹಾಕಿ ನೋಡಿದೆ. ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಕಾರು ಹತ್ತಿಕೊಂಡರೆ ಗೋಡೆಗೆ ಅಪಾಯ, ಕಂಬಕ್ಕೆ ಅಪಾಯ, ಮೇಲಿನ ಮನೆಗಳಿಗೆ ಅಪಾಯ ಎನ್ನುವುದು ತಮಗೆ ಹೊಳೆದಿದೆ. ಒಳಗೆ ಕೂತವರಿಗೆ ಅಪಾಯ ಎನ್ನುವುದು ಹೊಳೆಯಲಿಲ್ಲ. ಸುಣ್ಣಬಣ್ಣದ ಬಗ್ಗೆ ಇಷ್ಟು ಮರುಕ ಇರುವವರು ಚರ್ಮದ ಬಗ್ಗೆಯೂ ಒಂದು ಸಾಲು ಬರೆಯಬಹುದಿತ್ತು. ಅಥವಾ ಹೊಳೆದರೂ ಬರೆಯಲಿಲ್ಲವೋ? ‘ಓಡಿಸಬೇಡಿ’ ಎಂದು ಬರೆದ ಮರುದಿನ ಕಂಪನಿ ಅಷ್ಟೂ ಜನಕ್ಕೆ ಬದಲಿ ಕಾರು ಕೊಡಬೇಕಾಗುತ್ತದೆ. ‘ದೂರ ನಿಲ್ಲಿಸಿ’ ಎಂದರೆ ಯಾರೂ ಏನೂ ಕೊಡಬೇಕಾಗಿಲ್ಲ. ನನಗಿದು ತಿಳಿದದ್ದು ಆಮೇಲೆ. ತಮಗೆ ಮೊದಲೇ ತಿಳಿದಿರಬೇಕು.

ಅವತ್ತೇ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಎತ್ತಿದ ಹೆಣ್ಣುಮಗಳ ದನಿ ಜೇನಿನ ಹಾಗಿತ್ತು.

‘ಪಾರ್ಟ್ ಇನ್ನೂ ಬಂದಿಲ್ಲ ಮೇಡಂ. ಬಂದ ಕೂಡಲೇ ನಾವೇ ಫೋನ್ ಮಾಡ್ತೀವಿ.’

‘ಯಾವಾಗ ಬರತ್ತೆ?’

‘ಬಂದಾಗ ಗೊತ್ತಾಗತ್ತೆ ಮೇಡಂ.’

‘ಅಲ್ಲಿವರೆಗೆ ಕಾರು ಓಡಿಸಬಹುದಾ?’

‘ಧಾರಾಳವಾಗಿ ಓಡಿಸಿ. ನಿಲ್ಲಿಸೋವಾಗ ಮಾತ್ರ ಹೊರಗಡೆ ನಿಲ್ಲಿಸಿ.’

‘ಅಲ್ಲಮ್ಮಾ, ಸುಮ್ಮನೆ ನಿಂತಾಗ ಹತ್ತಿಕೊಳ್ಳೋ ಕಾರು ಓಡುವಾಗ ಹತ್ತಿಕೊಳ್ಳಲ್ವಾ?’

ಆಕೆ ದನಿ ತಗ್ಗಿಸಿ, ‘ನನ್ನ ಹತ್ತಿರ ಬರೆದುಕೊಟ್ಟಿರೋದು ಇಷ್ಟೇ ಮೇಡಂ’ ಅಂದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಬರೆದುಕೊಟ್ಟವರ ಮೇಲಿದೆ.

ಮರುದಿನ ತಮ್ಮ ಕಚೇರಿಗೆ ಬಂದೆ. ಎರಡನೇ ಮಹಡಿಯಲ್ಲಿ ನನ್ನ ಹೆಸರು, ವಿಳಾಸ ಎಲ್ಲ ಸರಿಯಾಗಿತ್ತು. ಗುಮಾಸ್ತರು ಪರದೆ ತಿರುಗಿಸಿ ತೋರಿಸಿದರು. ‘ಹಾಗಾದ್ರೆ ಕಾಗದ ಯಾಕೆ ಹಳೇ ಮಾಲೀಕರಿಗೆ ಹೋಯ್ತು?’ ಅಂದೆ. ‘ರೀಕಾಲ್ ವಿಭಾಗ ಮೂರನೇ ಮಹಡಿ’ ಅಂದರು. ಮೂರನೇ ಮಹಡಿಗೆ ಹತ್ತಿದೆ. ಅಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡ ಒಬ್ಬ ಅಧಿಕಾರಿ, ‘ನಮಗೆ ಕಂಪನಿ ಕೊಟ್ಟ ಪಟ್ಟಿ ಇದೆ. ಮೊದಲು ಮಾರಿದ್ದು ಯಾರಿಗೆ ಅನ್ನೋದು ಮಾತ್ರ ಅದರಲ್ಲಿರೋದು’ ಅಂದರು. ಕೆಳಗಿನ ಮಹಡಿಯಲ್ಲಿ ಹೊಸ ಪಟ್ಟಿ ಇದೆಯಲ್ಲ ಸ್ವಾಮಿ ಅಂದೆ. ‘ಅದು ಬೇರೆ ವಿಭಾಗ.’ ನಡುವೆ ಇರುವುದು ಇಪ್ಪತ್ತೆರಡು ಮೆಟ್ಟಿಲು ಮಾನ್ಯರೇ. ಮಂಡಿನೋವಿನ ನಾನು ಹತ್ತಿದ್ದೇನೆ. ತಮ್ಮ ಪಟ್ಟಿಗೆ ಯಾವ ಮಂಡಿನೋವು?

ಪಾರ್ಟು ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಆ ಅಧಿಕಾರಿ, ‘ರೀಕಾಲ್ ಅಂದ್ರೆ ಕರೆಯೋದು ಅಷ್ಟೇ. ಕರೆದಾಯ್ತಲ್ಲ. ಮಿಕ್ಕಿದ್ದು ಕಂಪನಿದು’ ಅಂದರು. ಊಟಕ್ಕೆ ಬನ್ನಿ ಎಂದು ಊರಿಗೆಲ್ಲ ಹೇಳಿಕಳಿಸಿ, ಬಂದವರ ಮುಖದ ಮೇಲೆ ಕದ ಹಾಕಿಕೊಂಡ ಹಾಗಾಯಿತು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಅಂತ ಹಿರಿಯರು ನಗುತ್ತಿದ್ದರು. ತಮ್ಮ ಇಲಾಖೆ ಬಾವಿಯನ್ನೂ ತೋಡಲಿಲ್ಲ. ಬಾವಿ ತೋಡುವ ಬಗ್ಗೆ ಸುತ್ತೋಲೆ ಹೊರಡಿಸಿತು.

ಈಗ ನನ್ನ ತಪ್ಪು ಹೇಳುತ್ತೇನೆ. ಬೇರೆಯವರು ಕೇಳುವ ಮೊದಲು ನಾನೇ ಹೇಳುವುದು ಒಳ್ಳೆಯದು. ಆಮೇಲೆ ಏಳು ತಿಂಗಳು ಆ ಕಾರನ್ನು ಓಡಿಸಿದೆ. ಅದು ನಿಂತರೆ ನನ್ನ ಕೆಲಸ ನಿಲ್ಲುತ್ತದೆ. ದಿನಾ ಬೆಳಿಗ್ಗೆ ಮುಂದಿನ ಮುಚ್ಚಳ ಎತ್ತಿ, ಬಗ್ಗಿ, ಮೂಸಿ ನೋಡುತ್ತಿದ್ದೆ, ಹಾಲು ಒಡೆದಿದೆಯಾ ಎಂದು ಪಾತ್ರೆ ಮೂಸುವ ಹಾಗೆ. ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ತಂದು ಡಿಕ್ಕಿಯಲ್ಲಿಟ್ಟೆ. ಹದಿನೈದು ದಿನಕ್ಕೊಮ್ಮೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಇಷ್ಟೆಲ್ಲ ಮಾಡಿದವಳು ಮಾಡದೆ ಬಿಟ್ಟದ್ದು ಒಂದೇ: ಕಲಿಯಲು ಬಂದ ಯಾರಿಗೂ ಹೇಳಲಿಲ್ಲ. ಹೇಳಿದರೆ ಬರುವುದಿಲ್ಲ ಎಂದು ಹೆದರಿದೆ. ‘ಸರ್ಕಾರವೇ ಓಡಿಸಬೇಡಿ ಅಂದಿಲ್ಲ, ನಾನ್ಯಾಕೆ ಹೆದರಲಿ’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಮ್ಮ ಮಾತಿನ ನೆರಳಿನಲ್ಲಿ ನನ್ನ ಹೇಡಿತನ ತಣ್ಣಗೆ ಕೂತಿತ್ತು.

ಹಾಗೆ ಕಲಿಯಲು ಬಂದವರಲ್ಲಿ ನನ್ನ ಅತ್ತಿಗೆಯೂ ಒಬ್ಬರು. ಅಣ್ಣನ ಹೆಂಡತಿ, ಐವತ್ತನಾಲ್ಕು ವರ್ಷ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಮೂವತ್ತು ವರ್ಷ ಅಣ್ಣನೇ ಅವರನ್ನು ಕೆಲಸಕ್ಕೆ ಬಿಟ್ಟು ಕರೆತರುತ್ತಿದ್ದ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವನ ಎರಡೂ ಕಣ್ಣು ಹೋದ ಮೇಲೆ ಅತ್ತಿಗೆ ನನ್ನ ಮನೆಗೆ ಬಂದು, ‘ನನಗೆ ಕಲಿಸು. ಇಷ್ಟು ವರ್ಷ ಅವರು ನನ್ನನ್ನ ಕರ್ಕೊಂಡು ಓಡಾಡಿದ್ರು. ಇನ್ನು ನಾನು ಅವರನ್ನ ಕರ್ಕೊಂಡು ಓಡಾಡ್ತೀನಿ’ ಅಂದರು.

ಪಾಠಕ್ಕೆ ಅಣ್ಣನೂ ಬರುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ಬರೀ ಸದ್ದು ಕೇಳಿ ಅಪ್ಪಣೆ ಕೊಡುತ್ತಿದ್ದ. ‘ಗೇರ್ ಬದಲಾಯಿಸೇ, ಇಂಜಿನ್ ಗೋಳಾಡ್ತಿದೆ.’ ‘ಸುಮ್ಮನಿರ್ರೀ, ರಸ್ತೆ ಕಾಣ್ತಿರೋದು ನನಗೆ’ ಅಂತ ಅತ್ತಿಗೆ. ‘ಕಾಣೋರಿಗೆಲ್ಲ ಓಡಿಸೋಕೆ ಬರೋ ಹಾಗಿದ್ರೆ ನನ್ನ ತಂಗಿ ಉಪವಾಸ ಬೀಳ್ತಿದ್ಲು’ ಅಂತ ಅವನು. ನಾನು ನಗು ತಡೆಯಲಾರದೆ ಬ್ರೇಕ್ ಒತ್ತಿದ್ದೂ ಉಂಟು. ಅತ್ತಿಗೆ ಚೆನ್ನಾಗಿ ಕಲಿತರು. ಪರೀಕ್ಷೆಗೆ ದಿನ ಗೊತ್ತಾಯಿತು. ಅದಕ್ಕೆ ಹನ್ನೊಂದು ದಿನ ಮುಂಚೆ, ಬೆಳಿಗ್ಗೆ ಹತ್ತೂವರೆಗೆ, ನೀರಿನ ಟ್ಯಾಂಕಿನ ಪಕ್ಕದ ಏರು ರಸ್ತೆಯಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡಿಸುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ.

ಮೊದಲು ಹೇಳಿದವನು ಅಣ್ಣ. ‘ಪೆಟ್ರೋಲ್ ವಾಸನೆ ಬರ್ತಿದೆಯಲ್ಲ?’

ನನಗೆ ಬಂದಿರಲಿಲ್ಲ. ಅತ್ತಿಗೆಗೂ ಬಂದಿರಲಿಲ್ಲ. ಅವನು ಮತ್ತೆ ಗಟ್ಟಿಯಾಗಿ, ‘ಗಾಡಿ ನಿಲ್ಲಿಸಿ, ಇಳೀರಿ’ ಎಂದ. ಅಷ್ಟರಲ್ಲಿ ಮುಂದಿನ ಮುಚ್ಚಳದ ಸಂದಿಯಿಂದ ಹೊಗೆ ಬಂತು, ಹಿಂದೆಯೇ ಜ್ವಾಲೆ. ಅತ್ತಿಗೆ ನಾನು ಕಲಿಸಿದ ಒಂದನ್ನೂ ಮರೆಯಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದರು, ಇಂಜಿನ್ ಆರಿಸಿದರು, ಬೆಲ್ಟ್ ಬಿಚ್ಚಿ ಇಳಿದರು. ನಾನು ಇಳಿದವಳೇ ಸಿಲಿಂಡರ್ ತರಲು ಡಿಕ್ಕಿಯ ಕಡೆ ಓಡಿದೆ. ಅಣ್ಣನೂ ಇಳಿದಿರುತ್ತಾನೆ ಅಂದುಕೊಂಡಿದ್ದೆ.

ಅವನು ಇಳಿದಿರಲಿಲ್ಲ. ‘ಬಾಗಿಲು ಬರ್ತಿಲ್ಲ, ಬಾಗಿಲು ಬರ್ತಿಲ್ಲ’ ಎನ್ನುತ್ತಿದ್ದ. ಹಿಂದಿನ ದಿನ ಕಲಿಯಲು ಬಂದಿದ್ದ ನರ್ಸ್ ಒಬ್ಬಳು ತನ್ನ ನಾಲ್ಕು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡಿದ್ದಳು. ಮಗು ಬಾಗಿಲು ತೆಗೆದೀತೆಂದು ಒಳಗಿನಿಂದ ತೆರೆಯದ ಹಾಗೆ ನಾನೇ ಲಾಕ್ ಹಾಕಿದ್ದೆ, ಬಿಡಿಸಲು ಮರೆತಿದ್ದೆ. ಕಾರಿನ ಮೂತಿ ಏರಿನ ಕಡೆಗಿತ್ತು. ಸೋರಿದ ಪೆಟ್ರೋಲ್ ಉರಿಯುತ್ತಲೇ ಅಡಿಯಿಂದ ಹಿಂದಕ್ಕೆ ಹರಿಯಿತು. ನಾನು ಡಿಕ್ಕಿಗೆ ಕೈ ಹಾಕುವಷ್ಟರಲ್ಲಿ ಹಿಂದಿನ ಬಾಗಿಲ ಕೆಳಗೆ ಬೆಂಕಿ ನಿಂತಿತ್ತು.

ಅತ್ತಿಗೆ ಆ ಬಾಗಿಲ ಹಿಡಿಕೆಗೆ ಕೈ ಹಾಕಿದರು. ಬಾಗಿಲು ತೆರೆಯಿತು. ಆದರೆ ಅಣ್ಣ ಗಾಬರಿಯಲ್ಲಿ ಬೆಲ್ಟ್ ಬಿಚ್ಚಿರಲಿಲ್ಲ, ತಡವುತ್ತಿದ್ದ, ಸಿಗುತ್ತಿರಲಿಲ್ಲ. ಅತ್ತಿಗೆ ಉರಿಯ ಮೇಲೆಯೇ ಬಗ್ಗಿ, ಅವನ ಎದೆಯ ಮೇಲಿಂದ ಕೈ ಚಾಚಿ, ಗುಂಡಿ ಒತ್ತಿ ಬೆಲ್ಟ್ ಬಿಚ್ಚಿ, ಅವನನ್ನು ಅಂಗಿಯ ಕಾಲರ್ ಹಿಡಿದು ಹೊರಗೆಳೆದರು. ‘ಕಾಲು ಎತ್ತಿಡಿ, ಎತ್ತಿಡಿ, ಕೆಳಗೆ ಬೆಂಕಿ ಇದೆ’ ಎಂದು ಕೂಗುತ್ತಿದ್ದರು. ಎಲ್ಲಿ ಎತ್ತಿಡಬೇಕೆಂದು ಅವನಿಗೇನು ಕಾಣಬೇಕು? ಎರಡು ಹೆಜ್ಜೆ ಉರಿಯಲ್ಲೇ ಇಟ್ಟ. ನಾನು ಸಿಲಿಂಡರಿನ ಹಿಡಿ ಒತ್ತಿದೆ. ಅದು ಒಮ್ಮೆ ಕೆಮ್ಮಿ ಬರಿದಾಯಿತು. ನೀರಿನ ಟ್ಯಾಂಕಿನ ಕಾವಲುಗಾರ ಪೈಪ್ ಎಳೆದು ತಂದು ಇಬ್ಬರ ಮೇಲೂ ನೀರು ಬಿಟ್ಟ. ಅವನು ಇಲ್ಲದಿದ್ದರೆ ಈ ಪತ್ರದ ಧಾಟಿ ಬೇರೆಯೇ ಇರುತ್ತಿತ್ತು.

ಅತ್ತಿಗೆಯ ಬಲಗೈಗೆ ಮೂರು ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಅವರನ್ನು ಮಲಗಿಸಿದ್ದು ಅವರದೇ ಆಸ್ಪತ್ರೆಯಲ್ಲಿ. ಪ್ರಜ್ಞೆ ಮರಳಿದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು, ‘ಈ ಚಾದರಕ್ಕೆ ಇಸ್ತ್ರಿ ಸರಿಯಾಗಿಲ್ಲ. ನಾನಿಲ್ಲ ಅಂದ್ರೆ ಅವರೆಲ್ಲ ಹೀಗೇ.’ ಎರಡನೆಯದು, ‘ಅವರ ಕಾಲು ಹೇಗಿದೆ?’ ನಾನು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಔಷಧಿ ಅಂಗಡಿಯವರ ಕಾಗದ, ಫೋನು, ಮೂರನೇ ಮಹಡಿ, ಏಳು ತಿಂಗಳು. ಅತ್ತಿಗೆ, ‘ನನಗೆ ಹೇಳಿದ್ರೆ ನಾನು ಆದ್ರೂ ಬರ್ತಿದ್ದೆನೇನೋ. ಅವರನ್ನ ಮಾತ್ರ ಕೂರಿಸಿಕೊಳ್ತಿರಲಿಲ್ಲ’ ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಣ್ಣನ ಕಾಲು ವಾಸಿಯಾಗಿದೆ, ಕೋಲು ಹಿಡಿದು ನಡೆಯುತ್ತಾನೆ. ಬಾಡಿಗೆ ಕಾರು ಹತ್ತಿದರೆ, ಬಾಗಿಲು ಹಾಕಿದ ಕೂಡಲೇ ಹಿಡಿಕೆ ತಡವಿ ಒಮ್ಮೆ ತೆಗೆದು ನೋಡುತ್ತಾನೆ. ಚಾಲಕರು ಸಿಡುಕುತ್ತಾರೆ. ಅವನು ಏನೂ ಹೇಳುವುದಿಲ್ಲ. ಮೊದಲು ಎಷ್ಟು ಮಾತಾಡುತ್ತಿದ್ದ ಮನುಷ್ಯ!

ಇನ್ನು ತಮ್ಮ ಇಲಾಖೆ ಮಾಡಿದ ಕೆಲಸಕ್ಕೆ ಬರುತ್ತೇನೆ. ಒಬ್ಬ ತನಿಖಾಧಿಕಾರಿ ಬಂದು ಕಾರಿನ ಅಸ್ಥಿಪಂಜರವನ್ನು ಎರಡು ಸುತ್ತು ಹಾಕಿ ಫೋಟೋ ತೆಗೆದುಕೊಂಡರು. ಆರು ವಾರದ ಮೇಲೆ ವರದಿ ಬಂತು. ‘ಸಂಬಂಧಪಟ್ಟ ಭಾಗವು ಪೂರ್ಣವಾಗಿ ಸುಟ್ಟಿರುವುದರಿಂದ ಬೆಂಕಿಯ ಕಾರಣವನ್ನು ನಿರ್ಧರಿಸಲು ಸಾಧ್ಯವಾಗಿಲ್ಲ. ಪ್ರಾಣಹಾನಿ ಇಲ್ಲ. ಪ್ರಕರಣ ಮುಕ್ತಾಯ.’ ಓದಿ ನಕ್ಕುಬಿಟ್ಟೆ. ಅಂದರೆ ಸುಡದೆ ಉಳಿದರೆ ಮಾತ್ರ ಅದು ಸುಟ್ಟದ್ದಕ್ಕೆ ಸಾಕ್ಷಿ! ತಮ್ಮ ಲೆಕ್ಕದ ಆ ಮೂರು ಘಟನೆಗಳ ಗುಟ್ಟು ಆಗ ತಿಳಿಯಿತು. ಅರ್ಧಂಬರ್ಧ ಉರಿದ ಮೂರು ಕಾರು ತಮ್ಮ ಕಣ್ಣಿಗೆ ಬಿದ್ದಿವೆ. ಪೂರ್ತಿ ಉರಿದವು ಎಷ್ಟೆಂದು ಕೇಳುವವರಾರು?

ಇನ್ನೊಂದು ಕಾಗದವೂ ಬಂತು, ಅತ್ತಿಗೆಯ ಹೆಸರಿಗೆ. ‘ಚಾಲನಾ ಪರೀಕ್ಷೆಗೆ ಗೈರುಹಾಜರು.’ ಆ ದಿನ ಅವರು ತಮ್ಮ ಇಲಾಖೆ ಧಾರಾಳವಾಗಿ ಓಡಾಡಲು ಬಿಟ್ಟ ಕಾರಿನ ದೆಸೆಯಿಂದ ಎರಡನೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದರು. ಈ ಕಾಗದ ಮಾತ್ರ ಸರಿಯಾದ ವಿಳಾಸಕ್ಕೇ ಬಂದಿತ್ತು. ಗೈರುಹಾಜರು ಯಾರು ಮಾನ್ಯರೇ?

ನನ್ನ ಪಾಲಿನ ತಪ್ಪಿಗೆ ನಾನು ಮಾಡಿದ್ದು ಇಷ್ಟು. ಆ ಏಳು ತಿಂಗಳಲ್ಲಿ ಕಲಿಸಿದ ಹತ್ತೊಂಬತ್ತು ಜನಕ್ಕೂ ಕೈಯಲ್ಲೇ ಕಾಗದ ಬರೆದೆ: ‘ಈ ಕಾರಿಗೆ ಬೆಂಕಿ ಹತ್ತಬಹುದೆಂದು ನನಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ.’ ಕೆಲವರು ಉತ್ತರಿಸಲಿಲ್ಲ. ಇಬ್ಬರು ಹೋಗಲಿ ಬಿಡಿ ಎಂದರು. ನರ್ಸ್ ಮನೆಗೇ ಬಂದಳು. ಕೂರಿ ಅಂದರೆ ಕೂರಲಿಲ್ಲ.

‘ನನ್ನ ಮಗಳು ಹಿಂದೆ ಕೂತಿದ್ದಳಲ್ಲ, ಅವತ್ತೂ ಗೊತ್ತಿತ್ತಾ ನಿಮಗೆ?’

‘ಗೊತ್ತಿತ್ತು.’

ಆಕೆ ನನ್ನ ಮುಖ ನೋಡಿದಳು, ಹೊರಟುಹೋದಳು. ಆ ನೋಟವನ್ನು ನಾನು ಹೊತ್ತುಕೊಂಡಿದ್ದೇನೆ, ಅದು ನನಗೆ ಸಲ್ಲಬೇಕಾದದ್ದೇ. ಅದರಲ್ಲಿ ತಮ್ಮ ಪಾಲು ದೊಡ್ಡದು. ನನಗೆ ಗೊತ್ತಿದ್ದದ್ದು ಒಂದು ಕಾರು. ತಮಗೆ ಗೊತ್ತಿದ್ದವು ಎಷ್ಟು ಸಾವಿರ?

ನಿನ್ನೆ ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಾನಿದ್ದ ಬಾಡಿಗೆ ಕಾರಿನ ಪಕ್ಕಕ್ಕೆ, ಸುಟ್ಟುಹೋದ ನನ್ನ ಕಾರಿನದೇ ಮಾದರಿಯ, ಅದೇ ವರ್ಷದ ಕಾರೊಂದು ಬಂದು ನಿಂತಿತು. ಮುಂದೆ ಗಂಡಹೆಂಡತಿ, ಹಿಂದೆ ಒಬ್ಬ ಮುದುಕಿ, ಮಡಿಲಲ್ಲಿ ಮಲಗಿದ ಕೂಸು. ಗಾಜು ಇಳಿಸಿ ಕೂಗಿದೆ: ‘ಸ್ವಾಮಿ, ನಿಮ್ಮ ಕಾರು ರೀಕಾಲ್ ಆಗಿದೆ, ಗೊತ್ತಾ? ಪಾರ್ಟ್ ಹಾಕಿಸಿದ್ರಾ?’

ಆತ ನಗುತ್ತಲೇ ಹೇಳಿದ. ‘ಗೊತ್ತಮ್ಮಾ, ಕಾಗದ ಬಂದಿದೆ. ಪಾರ್ಟ್ ಇನ್ನೂ ಬಂದಿಲ್ಲ. ಅದಕ್ಕೇ ದಿನಾ ಹೊರಗಡೆ ನಿಲ್ಲಿಸ್ತೀವಿ.’

ಹಸಿರು ದೀಪ ಬಂತು. ಹೊರಟುಹೋದರು. ತಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಸಜ್ಜನರು.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ಬೆಂಕಿಯನ್ನು ನಾಲ್ಕನೆಯದೆಂದು ಬರೆದುಕೊಳ್ಳಿ, ಅದರ ಎದುರು ಅತ್ತಿಗೆಯ ಕೈಯನ್ನೂ ಅಣ್ಣನ ಕಾಲನ್ನೂ ನಮೂದಿಸಿ. ಕಾರು ಈಗ ಯಾರ ಹತ್ತಿರ ಇದೆಯೋ ಅವರ ಮನೆಗೆ ಕಾಗದ ಕಳಿಸಿ. ಅದರಲ್ಲಿ ಬೆಂಕಿಗೆ ಬೆಂಕಿ ಎನ್ನಿ, ಪಾರ್ಟು ಬರುವವರೆಗೆ ಓಡಿಸಬೇಡಿ ಎನ್ನಿ, ಅಲ್ಲಿಯವರೆಗಿನ ಬದಲಿ ಕಾರು ಕಂಪನಿಯ ಹೊಣೆ ಎನ್ನಿ. ಕೆಳಗೆ ಮೊಹರಿನ ಬದಲು ತಮ್ಮ ಸ್ವಂತ ಸಹಿ ಹಾಕಿ. ಇದೆಲ್ಲ ಈ ವಾರವೇ ಆಗಬೇಕು. ಯಾಕೆಂದರೆ ಸಿಗ್ನಲ್ಲಿನ ಆ ಕಾರಿನವರು ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ. ಅವರ ವಿಳಾಸ ಇರುವುದು ತಮ್ಮ ಹತ್ತಿರ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಏನೂ ಆಗದ,
ಹತ್ತೊಂಬತ್ತು ಜನರಿಗೆ ಮುಖ ತೋರಿಸಲಾಗದ
ಒಬ್ಬ ಡ್ರೈವಿಂಗ್ ಶಿಕ್ಷಕಿ